ಬಾಲಚುಕ್ಕಿಯ ಮೈ

ಕಾಪುವಿನ ಕಡಲ ಬದಿಯಲ್ಲಿರುವ ನಮ್ಮ ಮೂಲಮನೆಯ ಪಹಣಿಯಲ್ಲಿ ಇಂದಿಗೂ 42 ಸೆಂಟ್ಸ್ ಜಾಗವು ನಮೂದಾಗಿದೆ. ಅದರಲ್ಲಿ ಎಂಟೋ ಒಂಬತ್ತೋ ಸೆಂಟ್ಸ್ ಈಗ ಅರಬ್ಬೀ ಸಮುದ್ರದೊಳಗಿದೆ. ಅಪ್ಪ ನೆಟ್ಟ ಹದಿಮೂರು ತೆಂಗಿನ ಮರಗಳಲ್ಲಿ ಐದು, ಅಜ್ಜಿ ಬಟ್ಟೆ ಒಗೆಯುತ್ತಿದ್ದ ಅಗಲವಾದ ಕಲ್ಲು, ಬಲೆ ಒಣಗಿಸಲು ನೆರೆಯವರಿಗೆ ಬಿಟ್ಟುಕೊಟ್ಟಿದ್ದ ಮರಳಿನ ಅಂಗಳ, ಇವೆಲ್ಲವೂ ಕಾಗದದಲ್ಲಿದ್ದು ಕಣ್ಣಿಗೆ ಇಲ್ಲದವು. ಅಣ್ಣನು ವರ್ಷವರ್ಷವೂ ಪೂರ್ತಿ 42 ಸೆಂಟ್ಸಿಗೂ ತೀರ್ವೆ ಕಟ್ಟುತ್ತಾನೆ. “ಸಮುದ್ರಕ್ಕೂ ತೀರ್ವೆ ಕಟ್ಟುವ ಮನೆತನ ನಮ್ಮದು” ಎಂದು ಅತ್ತಿಗೆಯವರು ನಗುತ್ತಾರೆ. ಆ ನಗುವಿನ ಹಿಂದೆ ಏನಿದೆಯೆಂಬುದು ಕಡಲ್ಕೊರೆತವನ್ನು ಕಣ್ಣಾರೆ ಕಂಡವರಿಗೆ ತಿಳಿದೇ ಇರುತ್ತದೆ.

ಈ ಮಾತಿಗೂ ಆಕಾಶದ ಧೂಮಕೇತುವಿಗೂ ಸಂಬಂಧ ಕಲ್ಪಿಸಿದವಳು ಅಣ್ಣನ ಮಗಳು. ಮಣಿಪಾಲದ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿರುವ ಅವಳು ಒಂದು ರಾತ್ರಿ ಊಟವಾದ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದಳು. ಮೊದಲನೆಯದರಲ್ಲಿ ಕಡಿದಾದ ಒಂದು ಬಂಡೆಗೋಡೆ, ಅದರ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಸೀಳು. ಎರಡನೆಯದರಲ್ಲಿ ಆ ಸೀಳಿನಿಂದ ಹೊರಗಿನ ಭಾಗವೇ ಇಲ್ಲ. ಗೋಡೆಯ ಬುಡದಲ್ಲಿ ಕಲ್ಲಿನ ರಾಶಿ. “ಚಿಕ್ಕಪ್ಪಾ, ಇದು ಬಾಲಚುಕ್ಕಿಯ ಮೇಲಿನ ಜಾಗ. ಒಂದು ವರ್ಷದೊಳಗೆ ಹೀಗಾಯಿತು. ನಮ್ಮ ದಂಡೆಯ ಹಾಗೆಯೇ ಅಲ್ಲವಾ?” ಎಂದು ಕೇಳಿದಳು. ನಾನು ಬಹಳ ಹೊತ್ತು ಆ ಚಿತ್ರಗಳನ್ನೇ ನೋಡುತ್ತಿದ್ದೆ. ಅಂದಿನಿಂದ ಆರಂಭವಾದ ಓದು ಇನ್ನೂ ಮುಗಿದಿಲ್ಲ. ಅದರಲ್ಲಿ ದಕ್ಕಿದ್ದಷ್ಟನ್ನು ವಾಚಕರೊಡನೆ ಹಂಚಿಕೊಳ್ಳಬೇಕೆಂಬ ಆಸೆ.

ಧೂಮಕೇತುವೆಂದರೆ ನಮ್ಮ ಹಿರಿಯರಿಗೆ ಬಾಲವೇ ಸರ್ವಸ್ವ. 1910ರ ಮೇ ತಿಂಗಳಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಮ್ಮ ಅಜ್ಜಿಗೆ ಹತ್ತು ವರ್ಷ. ಬೆಳಗಿನ ಜಾವ ಎಬ್ಬಿಸಿ ಕರೆದುಕೊಂಡು ಹೋಗಿ ತೋರಿಸಿದ್ದರಂತೆ. ಅದೇ ತಿಂಗಳಲ್ಲಿ ಏಳನೆಯ ಎಡ್ವರ್ಡ್ ದೊರೆಯು ತೀರಿಕೊಂಡದ್ದರಿಂದ, ಚುಕ್ಕಿಯೇ ದೊರೆಯನ್ನು ಕೊಂಡುಹೋಯಿತೆಂದು ಊರಲ್ಲಿ ಮಾತಾಯಿತಂತೆ. ನಾವು ಕ್ರಿಸ್ಮಸಿನ ಗೋದಲಿಯ ಮೇಲೆ ತೂಗಿಸುವ ನಕ್ಷತ್ರಕ್ಕೆ ಬಾಲವನ್ನು ಅಂಟಿಸುವುದೂ ಒಂದು ಧೂಮಕೇತುವಿನ ನೆನಪೇ ಇರಬಹುದು. 1301ರಲ್ಲಿ ಇದೇ ಹ್ಯಾಲಿ ಧೂಮಕೇತುವು ಯುರೋಪಿನಲ್ಲಿ ಕಾಣಿಸಿತ್ತು. ಕೆಲವೇ ವರ್ಷಗಳ ಬಳಿಕ ಇಟಲಿಯ ಪಾದುವಾ ನಗರದ ಪ್ರಾರ್ಥನಾಲಯದಲ್ಲಿ ಜೊತ್ತೋ ಎಂಬ ಚಿತ್ರಕಾರನು ಮೂವರು ಜ್ಞಾನಿಗಳ ಆರಾಧನೆಯನ್ನು ಬರೆಯುವಾಗ ಕೊಟ್ಟಿಗೆಯ ಮೇಲೆ ಉರಿಯುವ ಬಾಲಚುಕ್ಕಿಯನ್ನು ಚಿತ್ರಿಸಿದನು. ಆತನು ಹ್ಯಾಲಿಯನ್ನು ಕಂಡೇ ಬರೆದಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಆದುದರಿಂದಲೇ 1986ರ ಮಾರ್ಚ್ ತಿಂಗಳಲ್ಲಿ ಹ್ಯಾಲಿಯ ಬಳಿಗೆ ಹೋದ ಯುರೋಪಿನ ನೌಕೆಗೆ ಜೊತ್ತೋ ಎಂದೇ ಹೆಸರಿಟ್ಟರು. ಆ ನೌಕೆಯು ಸುಮಾರು 600 ಕಿಲೋಮೀಟರ್ ದೂರದಿಂದ ಹಾದುಹೋಗುತ್ತಾ, ಬಾಲದ ಹಿಂದೆ ಅಡಗಿದ್ದ ಮೈಯನ್ನು ಹತ್ತಿರದಿಂದ ಕಂಡಿತು. ಬೆಳಕಿನ ಒಡೆಯನಂತೆ ತೋರುವ ಧೂಮಕೇತುವಿನ ಮೈಯು ಇದ್ದಿಲಿನಂತೆ ಕಪ್ಪು! ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಮಾತ್ರ ಅದು ಹಿಂದಿರುಗಿಸುತ್ತಿತ್ತು.

ನಾನು ಹೇಳಹೊರಟದ್ದು ಇನ್ನೊಂದು ಧೂಮಕೇತುವಿನ ಸಂಗತಿ. 1969ರಲ್ಲಿ ಕ್ಲಿಮ್ ಚುರ್ಯುಮೋವ್ ಮತ್ತು ಸ್ವೆತ್ಲಾನಾ ಗೆರಾಸಿಮೆಂಕೊ ಎಂಬ ಸೋವಿಯತ್ ಖಗೋಳಜ್ಞರು ಅದನ್ನು ಕಂಡುಹಿಡಿದರು. ಹೆಸರು ಉಚ್ಚರಿಸಲು ಕಷ್ಟವಾದ್ದರಿಂದ ಅಣ್ಣನ ಮಗಳು ಅದನ್ನು ‘ಅರುವತ್ತೇಳು’ ಎಂದೇ ಕರೆಯುತ್ತಾಳೆ. ಪಟ್ಟಿಯಲ್ಲಿ ಅದರ ಸಂಖ್ಯೆ 67. ನಾನೂ ಹಾಗೆಯೇ ಕರೆಯುತ್ತೇನೆ. ಆರೂವರೆ ವರ್ಷಕ್ಕೊಮ್ಮೆ ಅದು ಸೂರ್ಯನನ್ನು ಸುತ್ತುತ್ತದೆ. 2004ರ ಮಾರ್ಚ್ 2ರಂದು ಭೂಮಿಯನ್ನು ಬಿಟ್ಟ ರೊಸೆಟ್ಟಾ ಎಂಬ ನೌಕೆಯು ಹತ್ತು ವರ್ಷ ಪ್ರಯಾಣ ಮಾಡಿ, 2014ರ ಆಗಸ್ಟ್ 6ರಂದು ಅದರ ಬಳಿ ಸೇರಿ, ಎರಡು ವರ್ಷಕ್ಕೂ ಮಿಕ್ಕಿ ಅದರ ಜೊತೆಯಲ್ಲಿಯೇ ಸಾಗಿತು. ಸೂರ್ಯನಿಂದ ದೂರದಲ್ಲಿದ್ದಾಗಲೂ, 2015ರ ಆಗಸ್ಟ್ 13ರಂದು ಸೂರ್ಯನಿಗೆ ತೀರ ಸಮೀಪಿಸಿದಾಗಲೂ, ಮತ್ತೆ ಅಗಲಿದಾಗಲೂ ಒಂದೇ ಮೈಯನ್ನು ಮತ್ತೆ ಮತ್ತೆ ನೋಡಿತು. ಮೊದಲಿನ ನೌಕೆಗಳು ದಾರಿಹೋಕರಂತೆ ಒಮ್ಮೆ ಇಣುಕಿ ಹೋದಂಥವು. ರೊಸೆಟ್ಟಾ ಮಾತ್ರ ಆ ಮನೆಯಲ್ಲಿ ಎರಡು ಮಳೆಗಾಲ ಕಳೆದ ನೆಂಟನಂತೆ.

ಈ ಅರುವತ್ತೇಳರ ಉದ್ದ ನಾಲ್ಕು ಕಿಲೋಮೀಟರ್ ಚಿಲ್ಲರೆ. ಕಾಪು ಪೇಟೆಯಿಂದ ತೆಂಕಕ್ಕೆ ನಡೆದು ಮೂಳೂರನ್ನು ದಾಟುವಷ್ಟು ದೂರವೆಂದು ಸುಮಾರಾಗಿ ಊಹಿಸಬಹುದು. ಎರಡು ಗಡ್ಡೆಗಳನ್ನು ಕುತ್ತಿಗೆಯೊಂದು ಜೋಡಿಸಿದಂತಹ ಆಕಾರ. ಮಂಜುಗಡ್ಡೆ, ದೂಳು, ಇವೆರಡರ ನಡುವೆ ಬಹುಪಾಲು ಬರಿಯ ಪೊಳ್ಳು. ನೀರಿನ ಅರ್ಧದಷ್ಟು ಸಾಂದ್ರತೆ ಮಾತ್ರ. ಅಲ್ಲಿನ ಗುರುತ್ವವು ಎಷ್ಟು ಕ್ಷೀಣವೆಂದರೆ, ಇಲ್ಲಿ ಎಪ್ಪತ್ತು ಕಿಲೋ ತೂಗುವ ಮನುಷ್ಯನು ಅಲ್ಲಿ ಒಂದು ಗ್ರಾಮಿನಷ್ಟು ತೂಗಿಯಾನು. ಜೋರಾಗಿ ಒಮ್ಮೆ ನೆಗೆದರೆ ಮರಳಿ ಬಾರನು. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಅರ್ಥವಾಗುತ್ತವೆ.

ನೀರಿಲ್ಲ, ಗಾಳಿಯಿಲ್ಲ, ಮಳೆಯಿಲ್ಲ. ಹಾಗಿದ್ದರೂ ಅಲ್ಲಿ ಬೆಟ್ಟದಂಚುಗಳಿವೆ, ಹೊಂಡಗಳಿವೆ, ಮರಳದಿಬ್ಬಗಳಿವೆ, ಬಯಲುಗಳಿವೆ. ಇವನ್ನೆಲ್ಲ ಕೆತ್ತುವುದು ಬಿಸಿಲೊಂದೇ. ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಕರ್ಪೂರವು ಕರಗದೆಯೇ ಕಿರಿದಾಗುವುದನ್ನು ನಾವು ನೋಡಿದ್ದೇವೆ. ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆಯೂ ಹಾಗೆಯೇ. ಧೂಮಕೇತುವಿನ ಮಂಜು ಸಹ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹೋಗುವಾಗ ದೂಳನ್ನು ಹೊತ್ತುಕೊಂಡು ಹೋಗುತ್ತದೆ. ನಾವು ಕೆಳಗಿನಿಂದ ಕಾಣುವ ಸುಂದರ ಬಾಲವು ಅದರ ಮೈಯಿಂದ ಕಳಚಿದ್ದೇ. ಆವಿಯೊಡನೆ ಹಾರಲಾರದ ದೂಳು ಅಲ್ಲೇ ಉಳಿದು ಒಂದು ಹೊದಿಕೆಯಾಗುತ್ತದೆ. ಆ ಹೊದಿಕೆಯು ಕೆಳಗಿನ ಮಂಜನ್ನು ಬಿಸಿಲಿನಿಂದ ಕಾಪಾಡುತ್ತದೆ. ಹೊದಿಕೆ ಹರಿದಲ್ಲಿ ಮಂಜು ಮತ್ತೆ ಬಿಸಿಲಿಗೆ ತೆರೆಯುತ್ತದೆ, ಮತ್ತೆ ಸವೆಯುತ್ತದೆ.

ಮಣಿಪಾಲದ ಎತ್ತರದ ಬಯಲಿನಲ್ಲಿ ನಡೆದವರು ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಬಲ್ಲರು. ನಮ್ಮ ಮುರಕಲ್ಲು ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದು. ಹೊರತೆಗೆದು ಗಾಳಿಬಿಸಿಲಿಗಿಟ್ಟರೆ ಗಟ್ಟಿಯಾಗುತ್ತದೆ. ಆದುದರಿಂದಲೇ ಅದರಲ್ಲಿ ಮನೆ ಕಟ್ಟುತ್ತೇವೆ. ಬಯಲಿನ ಮೇಲ್ಪದರವೂ ಹಾಗೆಯೇ ಗಟ್ಟಿಗೊಂಡು ಕೆಳಗಿನ ಮೆದು ಮಣ್ಣಿಗೆ ಕವಚವಾಗಿದೆ. ಕವಚ ಒಡೆದಲ್ಲಿ ಮಾತ್ರ ಮಳೆಯ ನೀರು ಒಳನುಗ್ಗಿ ಕಣಿವೆ ಕೊರೆಯುತ್ತದೆ. ಅರುವತ್ತೇಳರ ಮೇಲೆ ಇಳಿದ ಫಿಲೆ ಎಂಬ ಪುಟ್ಟ ಯಂತ್ರಕ್ಕೂ ಇಂಥದೊಂದು ಅನುಭವವಾಯಿತು. 2014ರ ನವೆಂಬರ್ 12ರಂದು ಇಳಿದಾಗ ಅದನ್ನು ನೆಲಕ್ಕೆ ಬಿಗಿಯಬೇಕಾಗಿದ್ದ ಈಟಿಗಳು ಹಾರಲಿಲ್ಲ. ಅದು ಪುಟಿದು ದೂರ ಹೋಗಿ ಒಂದು ಬಂಡೆಯ ಮರೆಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಸುತ್ತಿಗೆಯಿಂದ ಬಡಿದು ನೋಡಿದರೆ ನೆಲ ಬಹಳ ಗಟ್ಟಿ. ನಡುವೆ ಅದು ಉಜ್ಜಿಕೊಂಡು ಹೋದ ಇನ್ನೊಂದು ಬಂಡೆಯ ಒಳಗಿನ ಮಂಜಾದರೋ ನೊರೆಯಂತೆ ಮೆದುವಾಗಿತ್ತೆಂದು 2020ರಲ್ಲಿ ತಿಳಿದುಬಂದಿತು.

ಈಗ ಆ ಕುಸಿದ ಬಂಡೆಗೋಡೆಯ ವಿಷಯ. ವಿಜ್ಞಾನಿಗಳು ಆ ಧೂಮಕೇತುವಿನ ಪ್ರದೇಶಗಳಿಗೆ ಪುರಾತನ ಈಜಿಪ್ಟಿನ ಹೆಸರುಗಳನ್ನಿಟ್ಟಿದ್ದಾರೆ: ಇಮ್ಹೋಟೆಪ್, ಹಾಪಿ, ಸೆತ್, ಖೊನ್ಸು. ಈ ಗೋಡೆಗೆ ಅಸ್ವಾನ್ ಎಂದು ಹೆಸರು. ಅದರ ಎತ್ತರ 134 ಮೀಟರ್. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ನಮ್ಮ ದೀಪಸ್ತಂಭದ ಎತ್ತರ 27 ಮೀಟರ್. ಅಂಥ ಐದನ್ನು ಒಂದರ ಮೇಲೊಂದು ಇಟ್ಟಷ್ಟು. ಅಷ್ಟು ಎತ್ತರದ ಗೋಡೆಯು ನೊರೆಯಂಥ ವಸ್ತುವಿನಿಂದಾಗಿಯೂ ನಿಂತಿದ್ದುದು ಭಾರವೇ ಇಲ್ಲದ ಕಾರಣ. 2014ರ ಸೆಪ್ಟೆಂಬರಿನಲ್ಲಿಯೇ ಅದರ ನೆತ್ತಿಯಲ್ಲಿ 70 ಮೀಟರ್ ಉದ್ದದ, ಒಂದು ಮೀಟರ್ ಅಗಲದ ಸೀಳು ಕಂಡಿತ್ತು. ಧೂಮಕೇತುವು ಹನ್ನೆರಡೂವರೆ ಗಂಟೆಗೊಮ್ಮೆ ತಿರುಗುತ್ತದೆ. ಹಗಲಿಗೂ ಇರುಳಿಗೂ ನೂರು ಡಿಗ್ರಿಗಿಂತ ಹೆಚ್ಚು ಅಂತರ. ಹಿಗ್ಗುವುದು, ಕುಗ್ಗುವುದು, ಮತ್ತೆ ಹಿಗ್ಗುವುದು. ಸೂರ್ಯನು ಹತ್ತಿರವಾದಂತೆ ಬಿಸಿಯು ಸೀಳಿನ ಮೂಲಕ ಒಳಗಿಳಿಯಿತು. 2015ರ ಜುಲೈ 10ರಂದು ಆ ಭಾಗದಿಂದ ದೂಳಿನ ದೊಡ್ಡದೊಂದು ಚಿಲುಮೆ ಎದ್ದಿತು. ಐದು ದಿನಗಳ ಬಳಿಕ ತೆಗೆದ ಚಿತ್ರದಲ್ಲಿ ಗೋಡೆಯ ಅಂಚು ಇರಲಿಲ್ಲ. ಕುಸಿದದ್ದು ಸುಮಾರು 22,000 ಘನಮೀಟರ್. ಅದು ಬಿದ್ದಲ್ಲಿ ಒಳಗಿನ ಮಂಜು ಬಿಳುಪಾಗಿ ಹೊಳೆಯುತ್ತಿತ್ತು. ಸುತ್ತಲಿನ ಕಪ್ಪಿನ ನಡುವೆ ಹೊಸದಾಗಿ ಒಡೆದ ತೆಂಗಿನಕಾಯಿಯ ಹಾಗೆ. ಮರುವರ್ಷದ ಹೊತ್ತಿಗೆ ಆ ಬಿಳುಪಿನಲ್ಲಿ ಬಹುಪಾಲು ಆವಿಯಾಗಿ, ಗೋಡೆಯು ಮತ್ತೆ ಕಪ್ಪಾಗುತ್ತಾ ಬಂದಿತ್ತು.

ಇದನ್ನು ಓದುವಾಗ ನನ್ನ ಕಣ್ಣಮುಂದೆ ಬಂದದ್ದು ಕಾರ್ಕಳ. ಕರಿಕಲ್ಲಿನಿಂದಲೇ ಊರಿಗೆ ಆ ಹೆಸರು ಬಂದಿತೆಂದು ಹೇಳುವರು. ಬಿಸಿಲಿಗೆ ಕಾದು ಮಳೆಗೆ ತಣಿದು, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಂಡು, ಕೊನೆಗೆ ಆನೆಯ ಬೆನ್ನಿನಂತೆ ದುಂಡಗಾದ ಬಂಡೆಗಳು ಅಲ್ಲಿ ಎಲ್ಲೆಲ್ಲಿಯೂ ಇವೆ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ 42 ಅಡಿಯ ಗೊಮ್ಮಟನು ಅಂಥದೊಂದು ಬಂಡೆಗುಡ್ಡದ ಮೇಲೆ ಸುಮಾರು ಆರು ನೂರು ಮಳೆಗಾಲಗಳನ್ನು ನೋಡಿದ್ದಾನೆ. ನಮ್ಮ ಜಿಲ್ಲೆಯ ಮಳೆಯೇನು ಸಾಮಾನ್ಯವೇ? ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು. ಆದರೂ ಆ ಮುಖದ ಮಂದಹಾಸವು ಅಳಿದಿಲ್ಲ. ಕರಿಕಲ್ಲಿನ ಕಾಲಮಾನವೇ ಬೇರೆ. ನನ್ನ ಅತ್ತಿಗೆಯವರ ತವರು ಕಾರ್ಕಳದ ಕಡೆಯದು. ಅಲ್ಲಿನವರಿಗೆ ನೆಲವೆಂದರೆ ಇರುವಂಥದು. ಮದುವೆಯಾಗಿ ಕಾಪುವಿಗೆ ಬಂದ ಮೇಲೆಯೇ ನೆಲವೂ ನಡೆದುಹೋಗುತ್ತದೆಯೆಂದು ಅವರಿಗೆ ತಿಳಿದದ್ದು.

ಹೊಂಡಗಳ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅರುವತ್ತೇಳರ ಸೆತ್ ಪ್ರದೇಶದಲ್ಲಿ ದುಂಡನೆಯ ಆಳವಾದ ಕುಳಿಗಳಿವೆ. ಒಂದಂತೂ 220 ಮೀಟರ್ ಅಗಲ, 185 ಮೀಟರ್ ಆಳ. ಒಳಗಿನ ಮಂಜು ಹೋಗಿ ಪೊಳ್ಳಾಗಿ, ಮೇಲಿನ ಮಾಡು ತೆಳುವಾಗಿ, ಒಂದು ದಿನ ಕುಸಿದು ಬೀಳುವುದರಿಂದ ಅವು ಉಂಟಾಗುತ್ತವೆಂದು ಒಂದು ವಿವರಣೆಯಿದೆ. ಆಟಿಯ ಮಳೆಯಲ್ಲಿ ಹಳೆಯ ಬಾವಿಯ ದಂಡೆ ರಾತ್ರೋರಾತ್ರಿ ಒಳಗಿಳಿಯುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇಮ್ಹೋಟೆಪ್ ಎಂಬ ಬಯಲಿನ ವಿಚಾರ. ನುಣುಪಾದ ದೂಳಿನ ಬಯಲದು. 2015ರ ಮೇ ತಿಂಗಳ ಕೊನೆಯವರೆಗೂ ಅಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಜೂನ್ ತಿಂಗಳಲ್ಲಿ ಒಂದು ದುಂಡನೆಯ ತಗ್ಗು ಮೂಡಿತು. ಅದರ ಬಳಿ ಇನ್ನೊಂದು, ಮತ್ತೊಂದು. ತಗ್ಗಿನ ಅಂಚು ಕೆಲವೇ ಮೀಟರ್ ಎತ್ತರದ ಮೆಟ್ಟಿಲು. ಆ ಮೆಟ್ಟಿಲು ಗಂಟೆಗೆ ಹತ್ತಾರು ಸೆಂಟಿಮೀಟರಿನಂತೆ ಹಿಂದೆ ಹಿಂದೆ ಸರಿಯುತ್ತಾ ಹೋಯಿತು. ಜುಲೈ ತಿಂಗಳ ಆರಂಭದಲ್ಲಿ ಅತಿ ದೊಡ್ಡ ತಗ್ಗಿನ ಅಗಲ ಇನ್ನೂರು ಮೀಟರನ್ನು ಮೀರಿತ್ತು. ಬರಿಯ ಬಿಸಿಲಿನಿಂದ ಇಷ್ಟು ಬೇಗ ಸವೆಯಬಹುದೆಂದು ವಿಜ್ಞಾನಿಗಳೂ ಎಣಿಸಿರಲಿಲ್ಲ. ಜೂನ್, ಜುಲೈ! ಸರಿಯಾಗಿ ನಮ್ಮ ಕಡಲ್ಕೊರೆತದ ತಿಂಗಳುಗಳು. ಸೂರ್ಯನ ಸುತ್ತಣ ಹಾದಿಯ ಲೆಕ್ಕಕ್ಕೂ ನಮ್ಮ ಮುಂಗಾರಿಗೂ ಯಾವ ನಂಟೂ ಇಲ್ಲ, ನಿಜ. ಆದರೂ ಆ ಚಿತ್ರಗಳನ್ನು ನೋಡುವಾಗ ನನಗೆ ಕಂಡದ್ದು ನಮ್ಮ ಮನೆಯ ಎದುರಿನ ಮರಳಿನ ಮೆಟ್ಟಿಲು. ಬೆಳಿಗ್ಗೆ ಮೊಣಕಾಲೆತ್ತರ, ಸಂಜೆಗೆ ಸೊಂಟದೆತ್ತರ. ಒಂದೊಂದು ತೆರೆಗೂ ಅಂಚಿನಿಂದ ಒಂದು ಹೋಳು ಕಳಚಿ ಬಿದ್ದು, ಬೀಳುವ ಸದ್ದೂ ಕೇಳಿಸದೆ ನೀರಾಗಿ ಹೋಗುವುದು. ತೆಂಗಿನ ಬೇರುಗಳು ಗಾಳಿಯಲ್ಲಿ ಜೋತಾಡುವುದು ಆಮೇಲೆ.

ಒಂದು ವ್ಯತ್ಯಾಸವನ್ನು ಹೇಳದಿದ್ದರೆ ಅನ್ಯಾಯವಾದೀತು. ಮಳೆಗಾಲದಲ್ಲಿ ಕಡಲು ಎಳೆದುಕೊಂಡ ಮರಳಿನ ಬಹುಪಾಲು ಹೆಚ್ಚು ದೂರ ಹೋಗಿರುವುದಿಲ್ಲ. ದಂಡೆಯಿಂದ ಆಚೆ ನೀರಿನಡಿಯಲ್ಲಿ ದಿಬ್ಬವಾಗಿ ನಿಂತಿರುತ್ತದೆ. ದೀಪಾವಳಿ ಕಳೆದು ಕಡಲು ತಣ್ಣಗಾದಾಗ ಸಣ್ಣ ಅಲೆಗಳು ಅದನ್ನು ಮೆಲ್ಲಗೆ ಮರಳಿ ತಂದು ಹಾಕುತ್ತವೆ. ಹೀಗೆ ದಂಡೆಯು ವರ್ಷಕ್ಕೊಮ್ಮೆ ಹೋಗಿ ಬರುತ್ತಿರುತ್ತದೆ. ಬಾರದೆ ಉಳಿಯುವ ಆ ಸ್ವಲ್ಪವೇ ನಮ್ಮ ಎಂಟೊಂಬತ್ತು ಸೆಂಟ್ಸ್. ಧೂಮಕೇತುವಿಗೆ ಅಂಥ ಹಿಂಗಾರಿಲ್ಲವೆಂದು ನಾನು ಮೊದಲು ಭಾವಿಸಿದೆ. ಓದುತ್ತಾ ಹೋದಂತೆ ಅಲ್ಲಿಯೂ ಒಂದು ಬಗೆಯ ಮರಳುವಿಕೆ ಇದೆಯೆಂದು ತಿಳಿಯಿತು. ಅರುವತ್ತೇಳು ಸೂರ್ಯನ ಸಮೀಪಕ್ಕೆ ಬರುವಾಗ ಅದರ ದಕ್ಷಿಣಾರ್ಧಕ್ಕೆ ಬೇಸಿಗೆ: ಗಿಡ್ಡ, ಆದರೆ ಉಗ್ರ. ಅಲ್ಲಿನ ನೆಲ ಮೀಟರುಗಟ್ಟಲೆ ಸವೆಯುತ್ತದೆ. ಎದ್ದ ದೂಳಿನಲ್ಲಿ ಎಲ್ಲವೂ ಬಾಲವಾಗಿ ಹಾರಿಹೋಗುವುದಿಲ್ಲ. ಒಂದು ಪಾಲು ಮೇಲೇರಿ, ಬಾಗಿ, ಆಗ ಕತ್ತಲೆಯಲ್ಲಿರುವ ಉತ್ತರಾರ್ಧದ ಮೇಲೆ ಮೆಲ್ಲಗೆ ಇಳಿದು ಬೀಳುತ್ತದೆ. ಉತ್ತರದ ನುಣುಪಾದ ಬಯಲುಗಳು, ಹಾಪಿಯ ಮರಳದಿಬ್ಬಗಳು ಬಹುಮಟ್ಟಿಗೆ ದಕ್ಷಿಣದಿಂದ ಬಂದ ದೂಳು. ಆ ಒಂದು ಸುತ್ತಿನಲ್ಲಿ ಧೂಮಕೇತುವು ಕಳೆದುಕೊಂಡದ್ದು ಸುಮಾರು ಒಂದು ಕೋಟಿ ಟನ್. ತನ್ನ ತೂಕದ ಸಾವಿರದ ಒಂದು ಪಾಲು. ಅದಕ್ಕಿಂತ ಹೊರತಾಗಿ, ಎದ್ದು ಮತ್ತೆ ತನ್ನ ಮೈಮೇಲೆಯೇ ಬಿದ್ದದ್ದು ಬೇರೆ. ಖೊನ್ಸು ಎಂಬಲ್ಲಿ 30 ಮೀಟರ್ ಗಾತ್ರದ, 12,800 ಟನ್ ತೂಕದ ಬಂಡೆಯೊಂದು 140 ಮೀಟರ್ ಸರಿದು ಕುಳಿತಿತ್ತು!

ಒಂದರ ನಷ್ಟ ಇನ್ನೊಂದರ ಮೇಲೆ ಬೀಳುವ ಈ ಸಂಗತಿಯು ನನಗೆ ನಮ್ಮ ಮನೆಯ ವ್ಯಾಜ್ಯವನ್ನು ನೆನಪಿಗೆ ತಂದಿತು. ವ್ಯಾಜ್ಯವೆಂದರೆ ಕೋರ್ಟಿನದಲ್ಲ; ಬೇಲಿಯಾಚೆಯದು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಎದುರಿಗೆ ಕಡಲಿಗೆ ಅಡ್ಡಲಾಗಿ ಕರಿಕಲ್ಲಿನ ಬಂಡೆಗಳನ್ನು ಹಾಕಿಸಲಾಯಿತು. ಕೋರೆಯಿಂದ ಲಾರಿಗಳಲ್ಲಿ ಬಂದ ಕಲ್ಲುಗಳು. ಅಣ್ಣನು ಊರವರೊಡನೆ ಸೇರಿ ಹತ್ತಾರು ಬಾರಿ ಅರ್ಜಿ ಕೊಟ್ಟು ತರಿಸಿದ್ದು. ಕಲ್ಲಿನ ಸಾಲು ನಮ್ಮ ಜಾಗದ ಬಡಗಣ ಮೂಲೆಗೆ ಮುಗಿಯಿತು. ಅಲ್ಲಿಂದಾಚೆಗೆ ಒಂದು ಮೊಗವೀರ ಕುಟುಂಬದ ಮನೆ. ಕಲ್ಲಿಗೆ ಬಡಿದ ತೆರೆಯು ಸುಮ್ಮನಾಗುವುದಿಲ್ಲ. ಹಿಂದಿರುಗುವಾಗ ಎದುರಿನ ಮರಳನ್ನು ಎಳೆಯುತ್ತದೆ. ಸಾಲು ಮುಗಿದ ಮೂಲೆಯಲ್ಲಿ ಸುತ್ತಿ ಹೋಗಿ ಪಕ್ಕದ ನೆಲವನ್ನು ಕೊರೆಯುತ್ತದೆ. ಆ ವರ್ಷ ನಮ್ಮ ಅಂಗಳ ಉಳಿಯಿತು. ಅವರ ದೋಣಿ ಇಡುವ ಕೊಟ್ಟಿಗೆಯು ಬಿದ್ದುಹೋಯಿತು. ಆ ಮನೆಯ ಹಿರಿಯಕ್ಕ ಬೇಲಿಯ ಬಳಿ ನಿಂತು ಅಣ್ಣನಿಗೆ ತುಳುವಿನಲ್ಲಿ ಹೇಳಿದರು: “ನಿಮ್ಮ ಕಲ್ಲು ನಮ್ಮ ಮಣ್ಣು ತಿಂದಿತಲ್ಲ ಮಾರಾಯರೇ.” ಜಗಳದ ದನಿಯಿರಲಿಲ್ಲ. ಅಣ್ಣನು ಅಂದು ಮಧ್ಯಾಹ್ನ ಊಟ ಮಾಡಲಿಲ್ಲವೆಂದು ಅತ್ತಿಗೆಯವರು ನನಗೆ ಫೋನು ಮಾಡಿದರು.

ಕಲ್ಲು ಹಾಕಿಸಿದ್ದು ತಪ್ಪೆಂದು ನಾನು ಹೇಳಲಾರೆ. ಮಣಿಪಾಲದ ಗಟ್ಟಿ ಮುರಕಲ್ಲಿನ ಮೇಲೆ ಮಲಗುವವನಿಗೆ ಆ ಅಧಿಕಾರವಿಲ್ಲ. ಆದರೆ ಸಾಲನ್ನು ಇನ್ನೂ ಮುಂದಕ್ಕೆ ಎಳೆಯಬೇಕೆಂಬ ಅರ್ಜಿಗೆ ಅಣ್ಣನು ನನ್ನ ಸಹಿಯನ್ನೂ ಕೇಳಿದಾಗ ನಾನು ತಡಮಾಡಿದೆ. ಅವರ ಮನೆಯ ಎದುರಿಗೆ ಎಳೆದರೆ ಅವರಾಚೆಯ ಮನೆಗೆ ಅದೇ ಗತಿ. ಎಲ್ಲಿ ನಿಲ್ಲಿಸುವುದು? ಈ ಮಾತಿನ ಮೇಲೆ ನಮ್ಮಿಬ್ಬರಲ್ಲಿ ಸ್ವಲ್ಪ ಬಿರುಸಿನ ಚರ್ಚೆಯೂ ಆಯಿತು. ಜಾಗ ಮಾರಿ ಕಾರ್ಕಳದ ಕಡೆಗೆ ಹೋಗಿಬಿಡು ಎಂದು ನಾನು. ಕಡಲನ್ನು ನೋಡದೆ ಒಂದು ಬೆಳಗನ್ನೂ ಕಳೆದವನಲ್ಲ, ಈ ಪ್ರಾಯದಲ್ಲಿ ಬಂಡೆಗಳನ್ನು ನೋಡಿಕೊಂಡು ಕುಳಿತಿರಬೇಕೇ ಎಂದು ಅವನು. ಕೊನೆಗೆ ಅವನು ನನ್ನನ್ನು ಕೇಳದೆಯೇ ಒಂದು ಕೆಲಸ ಮಾಡಿದನು. ನಮ್ಮ ಜಾಗದ ಮೂಡು ಬದಿಯಲ್ಲಿ, ರಸ್ತೆಗೆ ಹತ್ತಿರವಾಗಿರುವ ಎರಡು ಸೆಂಟ್ಸಿನಷ್ಟು ನೆಲದಲ್ಲಿ ನೆರೆಯವರು ತಮ್ಮ ಬಲೆ, ದೋಣಿಗಳಿಗೆ ಕೊಟ್ಟಿಗೆ ಕಟ್ಟಿಕೊಳ್ಳಲಿ ಎಂದು ಬಿಟ್ಟುಕೊಟ್ಟನು. ಕಾಗದಪತ್ರವಿಲ್ಲ, ಬಾಡಿಗೆಯಿಲ್ಲ. ಪಹಣಿಯಲ್ಲಿ ಅದೂ ನಮ್ಮದೇ. ಮುಂದೆ ಮಕ್ಕಳ ಕಾಲಕ್ಕೆ ಇದು ತಕರಾರಾದೀತೆಂದು ಅಣ್ಣನ ಮಗಳಿಗೆ ಅಂಜಿಕೆ, ಓದಿದವಳಲ್ಲವೇ! ಅರ್ಜಿಯು ಇನ್ನೂ ನನ್ನ ಮೇಜಿನ ಮೇಲಿದೆ.

ಅರುವತ್ತೇಳರ ಕಥೆಯಲ್ಲಿ ಇನ್ನೊಂದು ಮುಖ್ಯವಾದ ವಿಷಯವಿದೆ. ಅದು ಹಿಂದೆ ಸೂರ್ಯನಿಗೆ ಇಷ್ಟು ಹತ್ತಿರ ಬರುತ್ತಿರಲಿಲ್ಲ. 1959ರಲ್ಲಿ ಗುರುಗ್ರಹದ ಬಳಿ ಹಾದುಹೋದಾಗ ಅದರ ದಾರಿಯೇ ಬದಲಾಯಿತು. ಅದಕ್ಕೆ ಮೊದಲು, ಭೂಮಿಗೂ ಸೂರ್ಯನಿಗೂ ಇರುವ ದೂರದ 2.7 ಪಟ್ಟು ದೂರದಲ್ಲಿಯೇ ಅದು ಮರಳುತ್ತಿತ್ತು, ಬಳಿಕ 1.3 ಪಟ್ಟಿನಷ್ಟು ಸಮೀಪಕ್ಕೆ ಬರತೊಡಗಿತು. ಎಂದರೆ, ಕೋಟ್ಯಂತರ ವರ್ಷಗಳಿಂದ ತಂಪಿನಲ್ಲಿದ್ದ ಆ ಮೈಯು ಇಷ್ಟು ಬಿಸಿಲನ್ನು ಕಾಣತೊಡಗಿದ್ದು ನನ್ನ ಅಣ್ಣನು ಹುಟ್ಟಿದ ವರ್ಷದಿಂದ. ರೊಸೆಟ್ಟಾ ಕಂಡ ಬದಲಾವಣೆಗಳೆಲ್ಲ ಅಲ್ಲಲ್ಲಿಗೆ ಸೀಮಿತವಾಗಿದ್ದವು. ದೊಡ್ಡ ಬೆಟ್ಟಕಣಿವೆಗಳು ಹೆಚ್ಚಿನಂಶ ಹಾಗೆಯೇ ಉಳಿದಿದ್ದವು. ಆ ದೊಡ್ಡ ರೂಪಗಳು ಇನ್ನೂ ಹಿಂದಿನ ಕಾಲದಲ್ಲಿ, ಮೈಯಲ್ಲಿ ಬೇಗನೆ ಆವಿಯಾಗುವ ಮಂಜು ಹೆಚ್ಚಾಗಿದ್ದಾಗ ಆಗಿರಬೇಕೆಂದು ವಿದ್ವಾಂಸರು ತರ್ಕಿಸಿದ್ದಾರೆ. ಹೊದಿಕೆಯ ಕೆಳಗೆ ಇರುವುದಾದರೋ ಸೂರ್ಯಮಂಡಲವು ಹುಟ್ಟಿದಾಗಿನ, ಸುಮಾರು 460 ಕೋಟಿ ವರ್ಷ ಹಿಂದಿನ ವಸ್ತು. ಅದರ ದೂಳಿನಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲವು ಸಿಕ್ಕಿತು. ಜೀವಿಗಳ ದೇಹದ ಪ್ರೋಟೀನಿನಲ್ಲಿರುವಂಥ ವಸ್ತು ಅದು. ಭೂಮಿಯ ಸಾಗರಗಳ ನೀರು ಇಂಥ ಧೂಮಕೇತುಗಳಿಂದ ಬಂದಿರಬಹುದೇ ಎಂದು ಪರೀಕ್ಷಿಸಿದರೆ, ಅರುವತ್ತೇಳರ ನೀರಿನಲ್ಲಿ ಭಾರ ಜಲಜನಕದ ಪ್ರಮಾಣವು ನಮ್ಮ ಕಡಲಿನದಕ್ಕಿಂತ ಮೂರು ಪಟ್ಟು ಹೆಚ್ಚೆಂದು 2014ರಲ್ಲಿ ಕಂಡುಬಂದಿತು. ಕಾಪುವಿನ ಕಡಲು ಅಲ್ಲಿಂದ ಬಂದದ್ದೆಂದು ಅಷ್ಟು ಸುಲಭವಾಗಿ ಹೇಳುವಂತಿಲ್ಲ.

ಇಂಥ ವಿಷಯಗಳು ನಮ್ಮೂರಿಗೆ ದೂರವೆಂದು ತಿಳಿಯಬಾರದು. ಕಾಪುವಿನಿಂದ ತೆಂಕಕ್ಕೆ ಕೆಲವೇ ಮೈಲಿ ದೂರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಯು. ಆರ್. ರಾವ್ ಅವರು 1975ರಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿ ಕಳುಹಿಸಿದ ತಂಡದ ಮುಂದಾಳಾಗಿದ್ದರು. ಭಾರತದ ಖಗೋಳಜ್ಞ ವೇಣು ಬಾಪು ಅವರ ಹೆಸರನ್ನು 1949ರಲ್ಲಿ ಪತ್ತೆಯಾದ ಒಂದು ಧೂಮಕೇತುವು ಹೊತ್ತಿದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದವರು ಜನಸಾಮಾನ್ಯರಿಗೆ ಆಕಾಶವನ್ನು ತೋರಿಸುತ್ತಾ ಬಂದಿರುವುದನ್ನು ನಮ್ಮ ಮಕ್ಕಳು ಬಲ್ಲರು.

2024ರ ಅಕ್ಟೋಬರ್ ತಿಂಗಳ ನಡುವಿನ ಒಂದು ಸಂಜೆ ನಾವೆಲ್ಲರೂ ಕಾಪುವಿನ ಮನೆಯಲ್ಲಿದ್ದೆವು. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಚುಚಿನ್‌ಶಾನ್–ಅಟ್ಲಾಸ್ ಎಂಬ ಧೂಮಕೇತುವು ಕಾಣುವುದೆಂದು ಪತ್ರಿಕೆಗಳಲ್ಲಿ ಬಂದಿತ್ತು. ಮೋಡ ಬಹಳವಿತ್ತು. ಕರಿಕಲ್ಲಿನ ಸಾಲಿನ ಮೇಲೆ ನಾವು ಕುಳಿತಿದ್ದೆವು. ಬೇಲಿಯಾಚೆಯಿಂದ ಹಿರಿಯಕ್ಕ ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಏಳು ಗಂಟೆಯ ಹೊತ್ತಿಗೆ ಮೋಡ ಒಂದಿಷ್ಟು ಹರಿದಾಗ, ದುರ್ಬೀನಿನಲ್ಲಿ ಮಸುಕಾದ ಒಂದು ಚುಕ್ಕಿ, ಅದರಿಂದ ಮೇಲಕ್ಕೆ ಚೆಲ್ಲಿದ ಹಾಲಿನಂಥ ಗೆರೆ ಕಂಡಿತು. ಅದು ಸೂರ್ಯಮಂಡಲದ ಅಂಚಿನಿಂದ ಬಂದದ್ದು. ಮತ್ತೆ ಬರುವುದಾದರೂ ಸಾವಿರಾರು ವರ್ಷಗಳ ಮಾತು. ಅಕ್ಕ ದುರ್ಬೀನನ್ನು ಬಹಳ ಹೊತ್ತು ಹಿಡಿದಿದ್ದು, “ಇದು ನಮ್ಮ ಬೊಂಡಾಸಿನ ಹಾಗೆಯೇ ಉಂಟು” ಎಂದರು. ಮಕ್ಕಳು ನಕ್ಕರು. ನನಗಾದರೋ ಆ ಹೋಲಿಕೆಯು ಜೊತ್ತೋನ ಚಿತ್ರಕ್ಕಿಂತ ಸರಿಯೆನಿಸಿತು.

ಅಂದು ಅಣ್ಣನ ಮಗಳು ರೊಸೆಟ್ಟಾದ ಕೊನೆಯನ್ನು ಮಕ್ಕಳಿಗೆ ಹೇಳಿದಳು. 2016ರ ಸೆಪ್ಟೆಂಬರ್ 30ರಂದು, ಸೂರ್ಯನಿಂದ ದೂರವಾಗಿ ವಿದ್ಯುಚ್ಛಕ್ತಿ ಸಾಲದಾದಾಗ, ಆ ನೌಕೆಯನ್ನು ಮೆಲ್ಲಗೆ ಧೂಮಕೇತುವಿನ ಮೇಲೆಯೇ ಇಳಿಸಿದರು. ಮಾಅತ್ ಎಂಬ ಪ್ರದೇಶದಲ್ಲಿ, ಒಂದು ಹೊಂಡದ ಬದಿಯಲ್ಲಿ ಅದು ಬಿದ್ದಿದೆ. ನೆಲವನ್ನು ಮುಟ್ಟುವ ಸ್ವಲ್ಪ ಮೊದಲು ಕಳುಹಿಸಿದ ಚಿತ್ರದಲ್ಲಿ ಸಣ್ಣ ಸಣ್ಣ ಹರಳುಗಳೂ ಕಾಣುತ್ತವೆ. ಆ ಬಳಿಕ ಅರುವತ್ತೇಳು 2021ರ ನವೆಂಬರಿನಲ್ಲಿ ಒಮ್ಮೆ ಸೂರ್ಯನನ್ನು ಸುತ್ತಿ ಹೋಗಿದೆ. 2028ರ ಏಪ್ರಿಲಿನಲ್ಲಿ ಮತ್ತೆ ಬರಲಿದೆ. ಅಕ್ಕನ ಚಿಕ್ಕ ಮೊಮ್ಮಗ, ಆರನೆಯ ತರಗತಿಯವನು, ಆ ಯಂತ್ರ ಇನ್ನೂ ಅಲ್ಲೇ ಇದೆಯೇ, ದೂಳಿನಲ್ಲಿ ಮುಚ್ಚಿಹೋಗಿದೆಯೇ ಎಂದು ಕೇಳಿದನು. ಉತ್ತರದ ಭಾಗವಾದ್ದರಿಂದ ಮೇಲೆ ದೂಳು ಬಿದ್ದಿರಬಹುದು, ಆದರೆ ಹೊಂಡದ ಅಂಚು ಕುಸಿದರೆ ಹೊರಗೆ ಬಂದರೂ ಬರಬಹುದು ಎಂದು ಅವಳು ಹೇಳಿದಳು. “ಹಾಗಾದರೆ ಯಾರಾದರೂ ಹೋಗಿ ನೋಡಬೇಕು” ಎಂದನು ಅವನು. ಅಷ್ಟರಲ್ಲಿ ಮೋಡವು ಮುಚ್ಚಿಕೊಂಡಿತು. ಅತ್ತಿಗೆಯವರು ಎಲ್ಲರನ್ನೂ ಚಹಕ್ಕೆ ಒಳಗೆ ಕರೆದರು.